ಬೆಳಕಿಲ್ಲದ ಪರದೆ

ಅಟ್ಟ ಸ್ವಚ್ಛ ಮಾಡುವಾಗ, ಸೋದರಮಾವ ದುಬೈಯಿಂದ ತಂದುಕೊಟ್ಟಿದ್ದ ಗೇಮ್ ಬಾಯ್ ಅಡ್ವಾನ್ಸ್ ಎಂಬ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಸಿಕ್ಕಿತು. ಸೆಲ್ ಗೂಡಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿದ್ದರೂ 2001ರ ಮೊದಲ ಹ್ಯಾರಿ ಪಾಟರ್ ಚಿತ್ರದ ಆಟದ ಕ್ಯಾಸೆಟ್ ಒಳಗೆ ಹಾಗೆಯೇ ಇತ್ತು. 240ಕ್ಕೆ 160 ಚುಕ್ಕೆಗಳ ಆ ಪರದೆಗೆ ಸ್ವಂತ ಬೆಳಕಿಲ್ಲದ್ದರಿಂದ, ರಾಯಚೂರಿನ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕುಳಿತು, ಅವ್ವ ಬೈಯುವವರೆಗೂ ನಾನು ಮಾಂತ್ರಿಕರ ಶಾಲೆಯ ಕತ್ತಲೆಯಲ್ಲಿ ಅಲೆಯುತ್ತಿದ್ದೆ. ಅದೇ ಚಿತ್ರಕ್ಕೆ ಇದರ ಹಿಂದಿನ ಮಾದರಿಯಾದ ಗೇಮ್ ಬಾಯ್ ಕಲರ್‌ನಲ್ಲಿ, ಸರದಿಯಂತೆ ಮಂತ್ರ ಪ್ರಯೋಗಿಸಿ ಕಾದಾಡುವ ಬೇರೆಯೇ ಆಟವಿತ್ತೆಂದು ತಿಳಿದದ್ದು ಬಹಳ ತಡವಾಗಿ. ಎರಡೂವರೆ ಗಂಟೆಯ ಚಿತ್ರವನ್ನು ಅಂಗೈಗೆ ಇಳಿಸುವಾಗ, ಕುಗ್ಗಿಸುವುದಕ್ಕಿಂತ ಹೊಸದಾಗಿ ಕಟ್ಟುವುದೇ ಜಾಣತನವೆಂದು ಈಗ ಅನ್ನಿಸುತ್ತದೆ. ಕಿಲುಬನ್ನು ನಿಂಬೆರಸದಿಂದ ಉಜ್ಜಿ, ಎರಡು ಪೆನ್ಸಿಲ್ ಸೆಲ್ ಹಾಕಿ ಮಗನ ಕೈಗೆ ಕೊಟ್ಟೆ. ಅವನು ಪರದೆಯನ್ನು ಬೆರಳಿನಿಂದ ಸವರಿ ನೋಡಿ, "ಅಪ್ಪಾ, ಇದು ಕೆಟ್ಟೈತಿ" ಎಂದ.