ಬಿಡಿ ಮಾರಾಟ: ಪೊಟ್ಟಣ ಬಿಟ್ಟ ಮೇಲೆ

ಪ್ಲಾಸ್ಟಿಕ್ ಪೊಟ್ಟಣ ಬಿಟ್ಟು ಗಿರಾಕಿಯ ಪಾತ್ರೆಗೇ ತುಂಬಿಕೊಡುವ ಅಂಗಡಿಯಲ್ಲಿ ಧಾನ್ಯ, ಬೇಳೆಕಾಳು ಬಿಡಿಯಾಗಿ ಮಾರಲು ಸುಲಭ, ಹಿಟ್ಟು ಹಾಗಲ್ಲ. ಹಿಡಿ ಎಳೆದರೆ ಸುರಿಯುವ ಡಬ್ಬಿಗೆ ಹಿಟ್ಟು ತುಂಬಿದರೆ ಒಳಗೇ ಕಮಾನು ಕಟ್ಟಿ ನಿಲ್ಲುತ್ತದೆ, ಎಷ್ಟು ತಟ್ಟಿದರೂ ಇಳಿಯದು. ಅದಕ್ಕೆ ಅಗಲ ಬಾಯಿಯ ಮುಚ್ಚಳದ ಡಬ್ಬಿಯೇ ಸರಿ.

ಗಿರಾಕಿ ತಂದ ಪಾತ್ರೆಯನ್ನು ಖಾಲಿ ಇರುವಾಗಲೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ಇಲ್ಲದಿದ್ದರೆ 250 ಗ್ರಾಂ ತೂಗುವ ಗಾಜಿನ ಜಾಡಿಗೆ 500 ಗ್ರಾಂ ಬೇಳೆ ಹಾಕಿದರೆ ತಕ್ಕಡಿ 750 ತೋರಿಸುತ್ತದೆ. ಮರೆತರೆ ಗಾಜಿಗೂ ಬೇಳೆಯ ದರ! ಪಾತ್ರೆ ಒದ್ದೆ ಇದ್ದರೆ ತುಂಬಿಕೊಡಬೇಡಿ, ಬೂಸ್ಟು ಬರುತ್ತದೆ.

ಹೆಚ್ಚಿನವರು ಎಡವುವುದು ಮರುಭರ್ತಿಯಲ್ಲಿ. ಅರ್ಧ ಖಾಲಿಯಾದ ಡಬ್ಬಿಗೆ ಹೊಸ ಸರಕು ಸುರಿದರೆ ಹಳೆಯದು ತಳದಲ್ಲೇ ಉಳಿದು ಹುಳು ಹಿಡಿಯುತ್ತದೆ, ಆಮೇಲೆ ಹೊಸದಕ್ಕೂ ಹಬ್ಬುತ್ತದೆ. ಪೂರ್ತಿ ಖಾಲಿ ಮಾಡಿ, ತೊಳೆದು, ಚೆನ್ನಾಗಿ ಒಣಗಿಸಿಯೇ ತುಂಬಬೇಕು. ಚೀಲದ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕವನ್ನು ಡಬ್ಬಿಗೆ ಅಂಟಿಸಿ. ಕಡಲೆಕಾಯಿ, ಎಳ್ಳು ಅಲರ್ಜಿ ತರಬಲ್ಲವು. ಅವುಗಳ ಸೌಟು ಬೇರೆಯೇ ಇರಲಿ.

ಎಲ್ಲ ಪ್ಲಾಸ್ಟಿಕ್ಕೂ ವ್ಯರ್ಥವಲ್ಲ ಅನ್ನಿ. ಸೌತೆಕಾಯಿಗೆ ಸುತ್ತುವ ತೆಳು ಹಾಳೆ ನೀರಿನಂಶ ಆರದಂತೆ ತಡೆದು ಬಾಡುವುದನ್ನು ಮುಂದೂಡುತ್ತದೆ. ಕಪ್ಪು ಪ್ಲಾಸ್ಟಿಕ್ ತಟ್ಟೆಗಳನ್ನು ಮಾತ್ರ ಮೊದಲು ಕೈಬಿಡಿ: ಅವುಗಳಲ್ಲಿರುವ ಇಂಗಾಲದ ಕಪ್ಪು ಬಣ್ಣ ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕನ್ನು ಹೀರಿಕೊಳ್ಳುವುದರಿಂದ, ಆ ಬೆಳಕಿನಿಂದಲೇ ಪ್ಲಾಸ್ಟಿಕ್ ಗುರುತಿಸುವ ಮರುಬಳಕೆ ಘಟಕದ ವಿಂಗಡಣಾ ಯಂತ್ರಕ್ಕೆ ಅವು ಕಾಣುವುದೇ ಇಲ್ಲ.