172.17 ಅಂದರೆ ಯಾವ ಮನೆ?

ಎಲ್ಲವೂ ಬಿದ್ದುಹೋದರೆ ಹುಡುಕುವುದು ಸುಲಭ. ಅರ್ಧ ನಡೆದು ಅರ್ಧ ಕೆಟ್ಟರೆ ಕಷ್ಟ. ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಆವತ್ತು ಆಗಿದ್ದು ಅದೇ. ಆರ್ಡರ್ ಸರ್ವಿಸ್ ಸ್ಟಾಕ್ ಸರ್ವಿಸ್ ಅನ್ನು ಕೇಳಿದಾಗ ಒಮ್ಮೆ ಸರಿಯಾದ ಉತ್ತರ, ಒಮ್ಮೆ 404, ಅಂದರೆ 'ಕೇಳಿದ್ದು ಇಲ್ಲಿಲ್ಲ' ಅನ್ನುವ ಉತ್ತರ. ಸ್ಟಾಕ್ ಸರ್ವಿಸ್‌ನ ಲಾಗ್ ತೆಗೆದರೆ ಆ 404ರ ಸುಳಿವೇ ಇಲ್ಲ. ಯಾವ ಸರ್ವಿಸ್ ಎಲ್ಲಿದೆ, ಬದುಕಿದೆಯಾ ಅಂತ ಹೇಳುವ ಕನ್ಸಲ್‌ನಲ್ಲಿ ನೋಡಿದರೆ ಎಲ್ಲವೂ ಹಸಿರು. ಹಾಗಾದರೆ ಉತ್ತರ ಕೊಟ್ಟವರು ಯಾರು?

ಧಾರವಾಡದ ಗೆಳೆಯ ಪಕ್ಕದಲ್ಲಿ ಕೂತ. ಕನ್ಸಲ್‌ನಲ್ಲಿ ಸ್ಟಾಕ್ ಸರ್ವಿಸ್‌ನ ಅಡ್ರೆಸ್ 172.17.0.3, ಪೋರ್ಟ್ 8080 ಅಂತ ಇತ್ತು. ಅದು ಓಡುತ್ತಿದ್ದ ಮೆಷಿನ್‌ನಿಂದ ಕರ್ಲ್ (ಒಂದು ಅಡ್ರೆಸ್‌ಗೆ ರಿಕ್ವೆಸ್ಟ್ ಕಳಿಸುವ ಕಮಾಂಡ್) ಹೊಡೆದೆವು. ಸ್ಟಾಕ್ ಸರ್ವಿಸ್ಸೇ ಮಾತಾಡಿತು. ಆರ್ಡರ್ ಸರ್ವಿಸ್ ಇದ್ದ ಇನ್ನೊಂದು ಮೆಷಿನ್‌ನಿಂದ ಅದೇ ಕರ್ಲ್ ಹೊಡೆದೆವು. ಉತ್ತರ ಬಂತು, ಆದರೆ ಅದರಲ್ಲಿದ್ದ ಹೆಸರು ಇನ್‌ವಾಯ್ಸ್ ಸರ್ವಿಸ್‌ನದು!

"ಅಡ್ರೆಸ್ ಖರೇನ ಐತ್ರಿ, ಬಡಾವಣಿನೇ ಬ್ಯಾರೆ," ಅಂದ ಗೆಳೆಯ.

ಬೆಂಗಳೂರಿನಲ್ಲಿ '3ನೇ ಮೇನ್, 5ನೇ ಕ್ರಾಸ್' ಅಂತ ಮಾತ್ರ ಹೇಳಿದರೆ ಆಟೋದವರು ಎಲ್ಲಿಗೆ ಹೋಗಬೇಕು? ಜಯನಗರಕ್ಕೋ, ರಾಜಾಜಿನಗರಕ್ಕೋ? ನಮ್ಮ ಸರ್ವಿಸ್‌ಗಳು ಓಡುವುದು ಡಾಕರ್‌ನ ಕಂಟೇನರ್‌ಗಳಲ್ಲಿ, ಅಂದರೆ ಮೆಷಿನ್‌ನೊಳಗಿನ ಪ್ರತ್ಯೇಕ ಡಬ್ಬಿಗಳಲ್ಲಿ. ನಾವು ಬೇರೇನೂ ಹೇಳದಿದ್ದರೆ ಡಾಕರ್ ಪ್ರತಿ ಮೆಷಿನ್‌ನಲ್ಲೂ 172.17.0.0/16 (172.17ರಿಂದ ಶುರುವಾಗುವ ಅಡ್ರೆಸ್‌ಗಳು) ಅನ್ನುವ ಅದೇ ಒಳ ನೆಟ್‌ವರ್ಕ್ ಕಟ್ಟುತ್ತದೆ. ಆ ಅಡ್ರೆಸ್‌ಗೆ ಆ ಮೆಷಿನ್‌ನೊಳಗೆ ಮಾತ್ರ ಅರ್ಥ. ಕೇಳುವವರ ಮೆಷಿನ್‌ನಲ್ಲೂ ಒಂದು 172.17.0.3 ಇದ್ದರೆ ರಿಕ್ವೆಸ್ಟ್ ಅಲ್ಲಿಗೇ ಹೋಗುತ್ತದೆ. ಹೊರಗೆ ಕಾಲಿಡುವುದೇ ಇಲ್ಲ. ಎರಡೂ ಸರ್ವಿಸ್ ಒಂದೇ ಮೆಷಿನ್‌ನಲ್ಲಿದ್ದಾಗ ಮಾತ್ರ ಎಲ್ಲ ಸರಿಹೋಗುತ್ತಿತ್ತು.

ಹೆಲ್ತ್ ಚೆಕ್ ಹಸಿರು ತೋರಿಸಿದ್ದೂ ಇದಕ್ಕೇ. ಚೆಕ್ ಮಾಡುವ ಕನ್ಸಲ್ ಏಜೆಂಟ್ ಅದೇ ಮೆಷಿನ್‌ನಲ್ಲಿ ಇರುತ್ತದೆ, ಅದಕ್ಕೆ ಬಾಗಿಲು ತೆರೆದೇ ಇದೆ. ಹಸಿರು ಅಂದರೆ 'ಸರ್ವಿಸ್ ಬದುಕಿದೆ' ಅಂತ ಅಷ್ಟೇ. ಕೇಳುವವರಿಗೆ ಅದು ಸಿಗುತ್ತದೆ ಅಂತ ಅಲ್ಲ. ಇದನ್ನು ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ನಾನು ಮೊದಲ ವಾರವೇ ಹೇಳುತ್ತೇನೆ.

ಸರಿ, ಕಂಟೇನರ್‌ನ ಅಡ್ರೆಸ್ ಬೇಡ, ಮೆಷಿನ್‌ನ ಅಡ್ರೆಸ್ ಕೊಡೋಣ ಅಂದುಕೊಂಡೆವು. ಆದರೆ ಮೆಷಿನ್‌ಗೂ ಒಂದೇ ಅಡ್ರೆಸ್ ಇರುವುದಿಲ್ಲವಲ್ಲ. ನಮ್ಮದರಲ್ಲಿ 10.20ರದ್ದು ಒಂದು, ವಿಪಿಎನ್‌ದು ಒಂದು, ಡಾಕರ್ ಬ್ರಿಡ್ಜ್‌ನ (ಅದೇ ಒಳ ನೆಟ್‌ವರ್ಕ್‌ನ) 172.17.0.1 ಇನ್ನೊಂದು. 'ಪ್ರೈವೇಟ್ ಐಪಿ ತಗೋ' ಅಂದರೆ ಮೂರೂ ಪ್ರೈವೇಟೇ, ಒಳ ಬಳಕೆಗೆ ಮೀಸಲಾದವೇ. 172.16ರಿಂದ 172.31ರವರೆಗೆ ಎಲ್ಲವೂ ಆ ಲೆಕ್ಕದಲ್ಲೇ ಬರುತ್ತವೆ. ಇಂಥ ಕಡೆ ಕನ್ಸಲ್ ಏಜೆಂಟ್ ತಾನಾಗಿ ಒಂದನ್ನು ಆರಿಸುವುದಿಲ್ಲ, ಯಾವುದು ಅಂತ ಹೇಳಿ ಎಂದು ಎರರ್ ಕೊಟ್ಟು ನಿಂತುಬಿಡುತ್ತದೆ. ಆ ನಡವಳಿಕೆ ನನಗೆ ತುಂಬಾ ಇಷ್ಟ. ಸುಮ್ನೆ ಮೊದಲು ಸಿಕ್ಕಿದ್ದನ್ನು ಹಿಡಿಯುವ ಸ್ಕ್ರಿಪ್ಟ್‌ಗಿಂತ ಅದು ಎಷ್ಟೋ ವಾಸಿ.

ಇಂಟರ್‌ಫೇಸ್ (ಮೆಷಿನ್‌ನ ನೆಟ್‌ವರ್ಕ್ ಕೊಂಡಿ) ಹೆಸರು ನಂಬೋಣ ಅಂದರೆ ಹಳೇ ಮೆಷಿನ್‌ಗಳಲ್ಲಿ ಇಟಿಎಚ್0, ಹೊಸದರಲ್ಲಿ ಇಎನ್‌ಎಸ್5. ಕೊನೆಗೆ ಹೆಸರು ಬಿಟ್ಟು ನೆಟ್‌ವರ್ಕ್ ಹಿಡಿದೆವು. 10.20.0.0/16ರೊಳಗೆ ಬರುವ ಅಡ್ರೆಸ್ ಯಾವುದೋ ಅದೇ ನೋಂದಣಿಯಾಗಬೇಕು. ಯಾಕೆಂದರೆ ನಮ್ಮ ಮೆಷಿನ್‌ಗಳು ಒಂದನ್ನೊಂದು ಮುಟ್ಟುವುದು ಆ ದಾರಿಯಲ್ಲೇ. ಜೊತೆಗೆ ಪೋರ್ಟ್ ಕೂಡ ಬದಲಾಗಬೇಕು: ಕಂಟೇನರ್ ಒಳಗಿನ 8080 ಅಲ್ಲ, ಮೆಷಿನ್ ಹೊರಗೆ ತೆರೆದ ಪೋರ್ಟ್. ಅಡ್ರೆಸ್ ಸರಿಮಾಡಿ ಪೋರ್ಟ್ ಮರೆತರೆ ಮತ್ತೆ ಮೊದಲಿನ ಗೋಳೇ.

ಮಧ್ಯಾಹ್ನದ ಊಟಕ್ಕೆ ಮೊದಲೇ 404 ನಿಂತವು. ಎಲ್ಲ ಮೆಷಿನ್‌ಗಳ ಕಂಟೇನರ್‌ಗಳನ್ನೂ ಒಂದಾಗಿ ಜೋಡಿಸುವ ಓವರ್‌ಲೇ ನೆಟ್‌ವರ್ಕ್ ಹಾಕಿದ್ದರೆ ಕಂಟೇನರ್ ಅಡ್ರೆಸ್ಸೇ ಎಲ್ಲ ಮೆಷಿನ್‌ಗಳಿಂದಲೂ ಸಿಗುತ್ತಿತ್ತು, ನಿಜ. ನಮ್ಮ ಪುಟ್ಟ ತಂಡಕ್ಕೆ ಅದನ್ನು ನೋಡಿಕೊಳ್ಳುವ ಕೆಲಸ ಜಾಸ್ತಿ ಅನ್ನಿಸಿ ಬಿಟ್ಟೆವು. ಈಗ ಅಡ್ರೆಸ್ ಆರಿಸುವ ನಮ್ಮ ಸ್ಕ್ರಿಪ್ಟ್‌ಗೆ 10.20ರದ್ದು ಸಿಗದಿದ್ದರೆ ಸರ್ವಿಸ್ ಶುರುವಾಗುವುದೇ ಇಲ್ಲ. ಇನ್ನೊಂದು ಚೆಕ್ ಕೂಡ ಸೇರಿಸಿದ್ದೇವೆ. ಅದು ಬೇರೆ ಮೆಷಿನ್‌ನಿಂದ ಕರೆದು, ಉತ್ತರದಲ್ಲಿ ಬಂದ ಸರ್ವಿಸ್ ಹೆಸರು ನಾವು ಕರೆದದ್ದೇನಾ ಅಂತ ನೋಡುತ್ತದೆ.