ಪ್ಯಾಕಿಂಗ್ ದಪ್ಪ, ಕಟ್ಟು ಸಡಿಲ

ಬೈಕ್ ಸಾಗಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಾನು ಒಂದು ಗಾಡಿ ಹಾಳು ಮಾಡಿದೆ. ರಾತ್ರಿಯೆಲ್ಲ ಓಡಿದ ಲಾರಿ ಬೆಳಿಗ್ಗೆ ಬಂದು ನಿಂತಿತು. ಹಿಂದಿನ ಬಾಗಿಲು ತೆಗೆದರೆ, ನಾನು ಕಟ್ಟಿದ್ದ ಬೈಕ್ ಪಕ್ಕದ ಗಾಡಿಗೆ ಒರಗಿಕೊಂಡು ನಿಂತಿದೆ. ಪಕ್ಕದ್ದರ ಹ್ಯಾಂಡಲ್ ತುದಿ ಇದರ ಟ್ಯಾಂಕಿಗೆ ಒತ್ತಿ ಕೂತಿದೆ. ಬಿಡಿಸಿ ನೋಡಿದರೆ ಅಂಗೈ ಅಗಲದ ತಗ್ಗು.

ವಿಚಿತ್ರ ಅಂದರೆ ಬೆಲ್ಟ್ ಹರಿದಿರಲಿಲ್ಲ. ಕೊಕ್ಕೆಯೂ ಕಳಚಿರಲಿಲ್ಲ. ನಾಲ್ಕೂ ಬೆಲ್ಟ್ ಕಟ್ಟಿದ ಜಾಗದಲ್ಲೇ ಇದ್ದವು. ಮುಂದಿನ ಎರಡು ಮಾತ್ರ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತಿದ್ದವು. ಯಾರೋ ರಾತ್ರಿ ಸಡಿಲ ಮಾಡಿದ್ದಾರೆ ಅಂತ ನಾನು ವಾದಕ್ಕೆ ನಿಂತೆ.

ನಮ್ಮ ಮೇಸ್ತ್ರಿ ಏನೂ ಮಾತಾಡಲಿಲ್ಲ. ಹ್ಯಾಂಡಲ್ ಹತ್ತಿರ ಬೆಲ್ಟಿನ ಕೆಳಗೆ ಕೈ ಹಾಕಿ ಒಂದು ತುಂಡು ಸ್ಪಂಜು ಎಳೆದು ತೆಗೆದರು. ಕ್ರೋಮ್ ಗೀಚಬಾರದು ಅಂತ ನಾನೇ ಅಷ್ಟು ಜೋಪಾನವಾಗಿ ಇಟ್ಟಿದ್ದ ಸ್ಪಂಜು ಅದು. ಇಟ್ಟಾಗ ಎರಡು ಬೆರಳು ದಪ್ಪ ಇತ್ತು. ಈಗ ರಟ್ಟಿನಷ್ಟು ತೆಳ್ಳಗಾಗಿತ್ತು.

"ನೀನು ಬೆಲ್ಟ್ ಬೈಕಿಗೆ ಕಟ್ಟಿಲ್ಲ ಕಣೋ, ಸ್ಪಂಜಿಗೆ ಕಟ್ಟಿದೀಯ" ಅಂದರು.

ಅಷ್ಟೇ. ಬೈಯಲೂ ಇಲ್ಲ. ಅವತ್ತಿಂದ ಇವತ್ತಿನವರೆಗೆ, ಯಾರಾದರೂ ದೂರದಲ್ಲಿ ಬೈಕ್ ಕೊಂಡು "ಚೆನ್ನಾಗಿ ಪ್ಯಾಕ್ ಮಾಡಿ ಕಳಿಸಿ" ಅಂದಾಗಲೆಲ್ಲ ನನಗೆ ಆ ಸ್ಪಂಜೇ ಕಣ್ಣಮುಂದೆ ಬರುತ್ತದೆ.

ಗಿರಾಕಿಗಳಿಗೆ ಕಾಣುವುದು ಪ್ಯಾಕಿಂಗ್. ಫೋಟೋದಲ್ಲಿ ಬೈಕ್ ದಿಂಬಿನ ಹಾಗೆ ಉಬ್ಬಿದ್ದರೆ ಅವರಿಗೆ ನೆಮ್ಮದಿ. "ಇನ್ನೂ ಎರಡು ಸುತ್ತು ಹಾಕಿ, ಅದಕ್ಕೆ ಬೇಕಾದರೆ ಜಾಸ್ತಿ ಕೊಡ್ತೀನಿ" ಅನ್ನುವವರು ತುಂಬ ಜನ. ಬೆಲ್ಟ್ ಎಲ್ಲಿಗೆ ಕಟ್ಟುತ್ತೀರಿ ಅಂತ ಕೇಳಿದವರನ್ನು ಇಷ್ಟು ವರ್ಷದಲ್ಲಿ ಬೆರಳಲ್ಲಿ ಎಣಿಸಬಹುದು. ಆದರೆ ಗಾಡಿಯನ್ನು ನಿಲ್ಲಿಸಿ ಹಿಡಿಯುವುದು ಆ ಬೆಲ್ಟೇ. ಪ್ಯಾಕಿಂಗ್ ಗೀರು ತಪ್ಪಿಸಬಹುದು. ಬೀಳುವ 200 ಕೆಜಿಯನ್ನು ಬಬಲ್ ಶೀಟ್ ಹಿಡಿಯುತ್ತದಾ?

ಅವತ್ತು ಆಗಿದ್ದೇನು ಅಂತ ಆಮೇಲೆ ನಿಧಾನವಾಗಿ ಅರ್ಥವಾಯಿತು. ಬೈಕಿನ ಮುಂದಿನ ಫೋರ್ಕ್ ಒಳಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳ ಒಳಗೆ, ಸ್ಪ್ರಿಂಗ್ ಇದೆ. ಮುಂದಿನ ಎರಡು ಬೆಲ್ಟ್ ಎಳೆದಾಗ ಫೋರ್ಕ್ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಸ್ಪ್ರಿಂಗ್ ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಆ ಒತ್ತಡವೇ ಬೆಲ್ಟನ್ನು ದಾರಿಯುದ್ದಕ್ಕೂ ಬಿಗಿಯಾಗಿ ಇಡುವುದು. ನಡುವೆ ಸ್ಪಂಜು ಇಟ್ಟರೆ, ಲಾರಿ ಕುಲುಕಿದಂತೆಲ್ಲ ಸ್ಪಂಜು ಚಪ್ಪಟೆಯಾಗುತ್ತದೆ. ಅದು ಎಷ್ಟು ಚಪ್ಪಟೆಯಾಯಿತೋ ಅಷ್ಟು ಫೋರ್ಕ್ ಮೇಲೇಳುತ್ತದೆ. ಪೂರ್ತಿ ಮೇಲೆದ್ದ ಮೇಲೆ ಬೆಲ್ಟನ್ನು ಎಳೆದು ಹಿಡಿಯಲು ಏನೂ ಉಳಿಯುವುದಿಲ್ಲ. ಮುಂದಿನ ಗುಂಡಿಗೆ ಫೋರ್ಕ್ ಕುಸಿಯಿತು ಅಂದರೆ ಬೆಲ್ಟ್ ಜೋಲಿತು, ಗಾಡಿ ವಾಲಿತು.

ಹಾಗಂತ ಸ್ಪ್ರಿಂಗನ್ನು ತಳಕ್ಕೆ ಮುಟ್ಟುವವರೆಗೆ ಎಳೆಯುವುದೂ ತಪ್ಪು. ಹೊಸ ಹುಡುಗರು ಮಾಡುವುದು ಇದನ್ನೇ. ಬೆಲ್ಟ್ ಬಿಗಿ ಮಾಡುವ ರ‍್ಯಾಚೆಟ್ ಹಿಡಿಯನ್ನು ಕಟಕಟ ಅಂತ ಹೊಡೆಯುತ್ತಲೇ ಹೋಗುತ್ತಾರೆ, ಅದಕ್ಕೆ ಬಲವೂ ಬೇಕಿಲ್ಲ. ಎಷ್ಟು ಎಳೆದೆವು ಅಂತ ಕೈಗೆ ಗೊತ್ತೇ ಆಗುವುದಿಲ್ಲ. ಫೋರ್ಕ್ ಪೂರ್ತಿ ಕುಕ್ಕಿ ಕೂತರೆ ರಸ್ತೆಯ ಹೊಡೆತ ನೇರ ಬೆಲ್ಟಿಗೂ ಕೊಕ್ಕೆಗೂ ಬೀಳುತ್ತದೆ. ಫೋರ್ಕಿನ ಎಣ್ಣೆ ತಡೆಯುವ ಸೀಲ್ ಹಳೆಯದಾಗಿದ್ದರೆ ಎಣ್ಣೆ ಜಿನುಗಲೂಬಹುದು. ನನ್ನ ಲೆಕ್ಕ ಸುಮಾರು ಅರ್ಧ. ಸಾಮಾನ್ಯ ರಸ್ತೆ ಬೈಕಿನ ಫೋರ್ಕ್ ಒಟ್ಟು 11ರಿಂದ 13 ಸೆಂಟಿಮೀಟರ್ ಆಡುತ್ತದೆ. ಅದರಲ್ಲಿ ಐದಾರು ಸೆಂಟಿಮೀಟರ್ ಕುಗ್ಗಿದರೆ ಸಾಕು. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಅಂತ ಸರದಿಯಲ್ಲಿ ಎಳೆಯಬೇಕು. ಒಂದೇ ಕಡೆ ಪೂರ್ತಿ ಎಳೆದರೆ ಗಾಡಿ ಆ ಕಡೆಗೆ ವಾಲಿಯೇ ನಿಲ್ಲುತ್ತದೆ.

ಬೆಲ್ಟ್ ಎಲ್ಲಿಗೆ ಕಟ್ಟಬೇಕು? ನಾನೀಗ ಹ್ಯಾಂಡಲ್ ಮುಟ್ಟುವುದೇ ಇಲ್ಲ. ಅದು ಬಗ್ಗಬಹುದು, ಹಿಡಿದಿರುವ ಕಡೆ ತಿರುಗಬಹುದು. ಹೆಡ್‌ಲೈಟಿನ ಕೆಳಗೆ ಕೈ ಹಾಕಿದರೆ ಫೋರ್ಕಿನ ಎರಡು ಕೊಳವೆಗಳನ್ನು ಒಟ್ಟಿಗೆ ಹಿಡಿದಿರುವ ದಪ್ಪ ಕ್ಲ್ಯಾಂಪ್ ಸಿಗುತ್ತದೆ. ಮೇಲೊಂದು, ಕೆಳಗೊಂದು. ಕೆಳಗಿನದೇ ಸರಿಯಾದ ಜಾಗ. ಅಲ್ಲಿ ಬಟ್ಟೆಯ ಕುಣಿಕೆ ಹಾಕಿ, ಬೆಲ್ಟಿನ ಕೊಕ್ಕೆಯನ್ನು ಆ ಕುಣಿಕೆಗೆ ಸಿಕ್ಕಿಸುತ್ತೇನೆ. ಲೋಹದ ಕೊಕ್ಕೆ ಬೈಕಿಗೆ ತಾಗುವುದೇ ಇಲ್ಲ, ಸ್ಪಂಜೂ ಬೇಕಿಲ್ಲ. ಅಲ್ಲಿಂದ ಬೆಲ್ಟ್ ಮುಂದಕ್ಕೆ ಮತ್ತು ಹೊರಕ್ಕೆ, ಸುಮಾರು 45 ಡಿಗ್ರಿ ಓರೆಯಾಗಿ ಇಳಿಯಬೇಕು. ತುಂಬ ನೇರ ಇಳಿದರೆ ಪಕ್ಕಕ್ಕೆ ಹಿಡಿತ ಇರುವುದಿಲ್ಲ. ಬಿಗಿ ಮಾಡುವ ಮುಂಚೆ ಬ್ರೇಕಿನ ಪೈಪು, ವೈರು ಯಾವುದೂ ಬೆಲ್ಟಿನ ಅಡಿಗೆ ಸಿಕ್ಕಿಕೊಂಡಿಲ್ಲ ಅಂತ ಟಾರ್ಚ್ ಬಿಟ್ಟು ನೋಡುವುದು ಅಭ್ಯಾಸವಾಗಿದೆ. ಹಿಂದಿನ ಎರಡು ಬೆಲ್ಟ್ ಫ್ರೇಮಿಗೆ. ಅವಕ್ಕೆ ಅಷ್ಟು ಬಿಗಿ ಬೇಡ, ಹಿಂಭಾಗ ಕುಪ್ಪಳಿಸಿ ಪಕ್ಕಕ್ಕೆ ಸರಿಯದ ಹಾಗೆ ನೋಡಿಕೊಂಡರೆ ಆಯಿತು.

ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೆಲ್ಟ್ ಎಳೆಯುವ ಅಷ್ಟೂ ಭಾರ ಆ ಒಂದು ಕಡ್ಡಿಯ ಮೇಲೆ, ಅದನ್ನು ಫ್ರೇಮಿಗೆ ಬೆಸೆದ ತುಂಡಿನ ಮೇಲೆ. ದಾರಿಯುದ್ದಕ್ಕೂ ಕುಟ್ಟಿಸಿಕೊಂಡರೆ ಅದು ಏನಾಗಬೇಡ? ಗಾಡಿ ಎರಡು ಚಕ್ರದ ಮೇಲೆ ನೆಟ್ಟಗೆ ನಿಲ್ಲಬೇಕು. ಮುಂದಿನ ಚಕ್ರಕ್ಕೆ ಅಡ್ಡಗಟ್ಟು ಇರಬೇಕು. ಸ್ಟ್ಯಾಂಡ್ ಮೇಲಕ್ಕೆ, ಗೇರ್ ಒಂದರಲ್ಲಿ.

ಇನ್ನೊಂದು ಮಾತು. ಮೊದಲ 20-30 ಕಿಲೋಮೀಟರ್ ಆದ ಮೇಲೆ ಲಾರಿ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಲೇಬೇಕು. ಎಷ್ಟೇ ಚೆನ್ನಾಗಿ ಕಟ್ಟಿದರೂ ಗಾಡಿ ಕುಲುಕಿ ತನ್ನ ಜಾಗದಲ್ಲಿ ಕೂರುತ್ತದೆ, ಆಗ ಸ್ವಲ್ಪ ಸಡಿಲ ಬರುತ್ತದೆ. ನೈಲಾನ್ ಬೆಲ್ಟ್ ಆದರೆ ನೆನೆದಾಗ ಹಿಗ್ಗುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಅದಕ್ಕೇ ತೆರೆದ ಲಾರಿಯಲ್ಲಿ ಒಯ್ಯುವಾಗ ನಾವು ಅದನ್ನೇ ಬಳಸುತ್ತೇವೆ. ಮಿಕ್ಕ ತುದಿಯನ್ನು ಸುತ್ತಿ ಕಟ್ಟಿಡಬೇಕು. ಹಾಗೇ ಬಿಟ್ಟರೆ ಗಾಳಿಗೆ ಪಟಪಟ ಹೊಡೆದುಕೊಂಡು ಒಂದೇ ರಾತ್ರಿಯಲ್ಲಿ ಬಣ್ಣ ಮಂಕು ಮಾಡಿಬಿಡುತ್ತದೆ. ಬೆಲ್ಟನ್ನೇ ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಅದುರುವುದು, ಗುಂಯ್ ಅನ್ನುವುದು ಕಡಿಮೆಯಾಗುತ್ತದೆ. ಇದನ್ನು ಕಲಿಸಿದ್ದು ನಮ್ಮ ಡ್ರೈವರ್ ಅಣ್ಣ. ಆ ಸದ್ದಿಗೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ!

ಪ್ಯಾಕಿಂಗ್ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಆದರೆ ಅದೂ ಗಾಡಿ ಕೆಡಿಸಬಲ್ಲದು. ಧೂಳು ಒರೆಸದೆ ಟ್ಯಾಂಕಿಗೆ ಬಬಲ್ ಶೀಟ್ ಸುತ್ತಿದರೆ ಶೀಟು ಮತ್ತು ಬಣ್ಣದ ನಡುವೆ ಮರಳು ಉಳಿಯುತ್ತದೆ. ಲಾರಿ ಅದುರಿದಷ್ಟು ಹೊತ್ತೂ ಅದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಹಾಗಾಗಿ ಮೊದಲು ತೊಳೆದು, ಪೂರ್ತಿ ಒಣಗಿಸಿ, ಮೆತ್ತನೆ ಬಟ್ಟೆ ಹೊದಿಸಿ, ಅದರ ಮೇಲೆ ಉಳಿದದ್ದು. ಬೆಲ್ಟ್ ಕಟ್ಟುವ ಜಾಗ ಮಾತ್ರ ಬರಿದಾಗಿಯೇ ಇರಬೇಕು.

ತೊಳೆಯುವುದರಲ್ಲಿ ಇನ್ನೊಂದು ಲಾಭ ಇದೆ. ಕೊಳೆಯ ಅಡಿಯಲ್ಲಿ ಹಳೇ ಗೀರು ಕಾಣಿಸುವುದಿಲ್ಲ. ಮನೆಗೆ ಬಂದ ಮೇಲೆ ಗಿರಾಕಿ ತೊಳೆದು, ಹಳೇ ಗೀರನ್ನು ಹೊಸದು ಅಂದುಕೊಂಡು ನಮಗೆ ಫೋನ್ ಮಾಡುತ್ತಾರೆ. ಆಗ ಮಾರಿದವರು ನಮ್ಮನ್ನು ತೋರಿಸುತ್ತಾರೆ, ನಾವು ಅವರನ್ನು ತೋರಿಸುತ್ತೇವೆ. ಈ ಜಗಳಕ್ಕೆ ಒಂದೇ ಔಷಧಿ, ಪ್ಯಾಕ್ ಮಾಡುವ ಮುಂಚೆ ಹಗಲು ಬೆಳಕಿನಲ್ಲಿ ಒಂದು ವಿಡಿಯೋ. ನಡುವೆ ನಿಲ್ಲಿಸದೆ ಗಾಡಿಯ ಸುತ್ತ ಒಂದು ಸುತ್ತು. ಟ್ಯಾಂಕಿನ ಎರಡು ಬದಿ, ಲಿವರ್ ತುದಿಗಳು, ಸೈಲೆನ್ಸರ್, ಎಂಜಿನ್ ಅಡಿ, ಮೀಟರಿನಲ್ಲಿ ಓಡಿರುವ ಕಿಲೋಮೀಟರ್. ಕೊನೆಗೆ ಚಾಸಿಸ್ ನಂಬರ್.

ಈ ನಂಬರಿನ ವಿಷಯ ಸ್ವಲ್ಪ ಹೇಳಬೇಕು. ಈಗಿನ ಬಹುತೇಕ ಬೈಕುಗಳಲ್ಲಿ ಅದು 17 ಅಕ್ಷರ-ಅಂಕಿಗಳದ್ದು. ಇಂಗ್ಲಿಷಿನ ಐ, ಓ, ಕ್ಯೂ ಮೂರು ಅಕ್ಷರ ಅದರಲ್ಲಿ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಕಲಸಿಹೋಗಬಾರದು ಅಂತ. ಫೋನಿನಲ್ಲಿ ಯಾರಾದರೂ "ಆಮೇಲೆ ಓ" ಅಂದರೆ ನಾನು ಸೊನ್ನೆ ಅಂತಲೇ ಬರೆದುಕೊಳ್ಳುತ್ತೇನೆ. ಫ್ರೇಮ್ ಮೇಲೆ ಕೊರೆದಿರುವುದು ಮತ್ತು ಕಾಗದದಲ್ಲಿರುವುದು ಒಂದೊಂದೇ ಅಕ್ಷರ ತಾಳೆ ಆಗದಿದ್ದರೆ ನಾವು ಗಾಡಿ ಮುಟ್ಟುವುದಿಲ್ಲ. ನೀವಾದರೆ ಹಣ ಕೊಡುವ ಮುಂಚೆಯೇ ಆ ಜಾಗದ ಫೋಟೋ ತರಿಸಿಕೊಳ್ಳಿ.

ಪೆಟ್ರೋಲ್ ಸ್ವಲ್ಪವೇ ಇರಲಿ, ಇಳಿಸಿದ ಮೇಲೆ ಬಂಕ್‌ವರೆಗೆ ಹೋಗುವಷ್ಟು. ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಲಾರಿಯ ನೆಲದಲ್ಲೇ ತುಂಬಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಇರುವ ಹಳೇ ಗಾಡಿಯಾದರೆ ಪೆಟ್ರೋಲ್ ನಾಬ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಕುಲುಕಾಟಕ್ಕೆ ಒಳಗಿನ ತೇಲುಬುರುಡೆ ಸರಿಯಾಗಿ ಮುಚ್ಚಿಕೊಳ್ಳದೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್. ಪ್ಲಸ್‌ನಿಂದ ಶುರು ಮಾಡಿ ಸ್ಪ್ಯಾನರ್ ಫ್ರೇಮಿಗೆ ತಾಗಿತೋ, ಚಟ್ ಅಂತ ಕಿಡಿ.

ಕನ್ನಡಿ ಬಿಚ್ಚುವಾಗಲೂ ಒಂದು ಕ್ಷಣ ನಿಲ್ಲಿ. ಯಮಹಾದ ತುಂಬ ಬೈಕುಗಳಲ್ಲಿ ಬಲಗಡೆ ಕನ್ನಡಿಗೆ ಉಲ್ಟಾ ಥ್ರೆಡ್. ನಾನು ಸಡಿಲ ಮಾಡುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡಿ, ಇನ್ನೂ ಬಲ ಹಾಕಿ, ಬುಡವನ್ನೇ ಮುರಿದದ್ದುಂಟು. ಆ ಸಲ ಮೇಸ್ತ್ರಿ ಬೈದರು.

ಇನ್ನು ಸಾಗಿಸುವವರನ್ನು ಆರಿಸುವ ವಿಷಯ. "ಎಷ್ಟು ದಿನ ಆಗುತ್ತೆ" ಅಂತ ಎಲ್ಲರೂ ಕೇಳುತ್ತಾರೆ. ನಾನಾದರೆ "ದಾರಿಯಲ್ಲಿ ಎಷ್ಟು ಸಲ ಇಳಿಸಿ ಹತ್ತಿಸುತ್ತೀರಿ" ಅಂತ ಕೇಳುತ್ತೇನೆ. ಹತ್ತಿದ ಲಾರಿಯಲ್ಲೇ ಕೊನೆವರೆಗೆ ಬಂದರೆ ಗಾಡಿಯನ್ನು ಒಬ್ಬರು ಕಟ್ಟುತ್ತಾರೆ, ಒಬ್ಬರು ಬಿಚ್ಚುತ್ತಾರೆ. ನಡುವೆ ಎರಡು ಗೋಡೌನ್ ಇದ್ದರೆ ಪ್ರತಿ ಕಡೆ ಬೇರೆ ಕೈ, ಬೇರೆ ಹಲಗೆ, ಬೇರೆ ಆತುರ. ನಾನು ನೋಡಿದ ಏಟುಗಳಲ್ಲಿ ಜಾಸ್ತಿ ಪಾಲು ಹಲಗೆಯ ಮೇಲೆ ಆದವು. ಹಲಗೆಯ ಮೇಲ್ತುದಿಯನ್ನು ಲಾರಿಗೆ ಕಟ್ಟಿರುವುದಿಲ್ಲ. ಹಿಂದಿನ ಚಕ್ರ ಹತ್ತುವಾಗ ಅದು ಹಿಂದಕ್ಕೆ ಜಾರುತ್ತದೆ. ಮುಂದಿನ ಚಕ್ರ ಮೇಲೆ, ಮನುಷ್ಯ ನಡುವೆ. ಹೋಂಡಾ ಗೋಲ್ಡ್ ವಿಂಗ್‌ನಂಥ ಗಾಡಿ 350 ಕೆಜಿ ದಾಟುತ್ತದೆ, ಅದನ್ನು ಇಬ್ಬರು ಹಿಡಿದು ನಿಲ್ಲಿಸಲು ಆಗುವುದಿಲ್ಲ. ಹಲಗೆ ಕಟ್ಟದೆ ನಾನು ಈಗ ಸ್ಕೂಟರನ್ನೂ ಹತ್ತಿಸುವುದಿಲ್ಲ.

ವಿಮೆ ಇದೆ ಅಂದರೆ ಕಾಗದ ತೋರಿಸಿ ಅನ್ನಿ. ಸಾಗಿಸುವವರು ಹೊರುವ ಹೊಣೆ ಬೇರೆ, ನಿಮ್ಮ ಗಾಡಿಯ ವಿಮೆ ಬೇರೆ. ಕಾಗದದಲ್ಲಿ ನಿಮ್ಮ ಹೆಸರು, ಗಾಡಿ ನಂಬರ್, ನೀವು ಕೊಟ್ಟಷ್ಟೇ ಬೆಲೆ ಇರಬೇಕು. ಬೆಲೆ ಕಡಿಮೆ ಬರೆಸಿ ಉಳಿಸಿದ ನಾಲ್ಕು ಕಾಸು ಏಟು ಬಿದ್ದ ದಿನ ಕಚ್ಚುತ್ತದೆ.

"ಇದೆಲ್ಲ ಯಾಕೆ, ನಾನೇ ಹೋಗಿ ಓಡಿಸಿಕೊಂಡು ಬರ್ತೀನಿ" ಅನ್ನುವವರೂ ಇದ್ದಾರೆ. ತಪ್ಪೇನಿಲ್ಲ. ಹೊರಡುವ ಮುಂಚೆ ಟೈರಿನ ಪಕ್ಕದ ನಾಲ್ಕಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಅಚ್ಚು ಸವೆಯದಿದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟ ಟೈರ್ ಮೇಲೆ ದೂರ ಬರುವ ಬದಲು ಲಾರಿಗೆ ಹಾಕಿ.

ಗಾಡಿ ಬಂದ ದಿನ ಡ್ರೈವರ್ ಆತುರದಲ್ಲಿ ಇರುತ್ತಾರೆ, ಪೆನ್ನು ಮೊದಲೇ ಕೈಗೆ ಕೊಡುತ್ತಾರೆ. ನಮ್ಮವರೂ ಹಾಗೆಯೇ, ಸುಮ್ನೆ ಯಾಕೆ ಸುಳ್ಳು ಹೇಳಲಿ. ನೀವು ಪ್ಯಾಕಿಂಗ್ ಪೂರ್ತಿ ಬಿಚ್ಚಿ, ನಿಮ್ಮ ವಿಡಿಯೋ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಸಹಿ ಹಾಕಿ. ಏಟು ಕಂಡರೆ ರಸೀದಿಯ ಮೇಲೆಯೇ ಬರೆಯಿರಿ, ಡ್ರೈವರ್ ಎದುರಿಗೇ. ಮಾರನೇ ದಿನ ಹೇಳಿದರೆ ಅದು ಬರೀ ಮಾತಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಆದ ಮೇಲೂ ಒಂದು ಫೋನ್ ಬಂದೇ ಬರುತ್ತದೆ. "ಏನ್ರೀ ಇದು, ಗಾಡಿ ಸ್ಟಾರ್ಟೇ ಆಗ್ತಿಲ್ಲ, ದಾರಿಯಲ್ಲಿ ಏನು ಮಾಡಿದ್ರಿ?" ಮೊದಲೆಲ್ಲ ಎದೆ ಧಸಕ್ ಅನ್ನುತ್ತಿತ್ತು. ಈಗ ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿ ಕಳಿಸುತ್ತೇನೆ, ದಪ್ಪ ಅಕ್ಷರದಲ್ಲಿ: ಬ್ಯಾಟರಿ ಬಿಚ್ಚಿದೆ, ಪೆಟ್ರೋಲ್ ನಾಬ್ ಆಫ್ ಆಗಿದೆ. ಆದರೂ ಫೋನ್ ಬರುತ್ತದೆ. "ಚೀಟಿ ಓದಿದ್ರಾ ಸಾರ್?" ಅಂತ ಕೇಳುತ್ತೇನೆ. ಆ ಕಡೆಯಿಂದ ಸ್ವಲ್ಪ ಹೊತ್ತು ಪ್ಲಾಸ್ಟಿಕ್ ಹರಿಯುವ ಸದ್ದು ಕೇಳಿಸುತ್ತದೆ.